ಬಾಡಿಗೆ ಮನೇಲಿ ಮುಗ್ಗಲು ವಾಸನೆ: ನೀರು ಎಲ್ಲಿಂದ ಬರ್ತಿದೆ ಅಂತ ಹಿಡಿಯೋದು ಹೇಗೆ

ನಾಲ್ಕು ದಿನ ಊರಿಗೆ ಹೋಗಿ ಬಂದು ಬೀಗ ತೆಗೆದ ತಕ್ಷಣ ಒಂದು ವಾಸನೆ ಮೂಗಿಗೆ ಬಡಿಯುತ್ತಲ್ಲ, ಒದ್ದೆ ಗೋಣಿಚೀಲ ಮೂಲೇಲಿ ಬಿಟ್ಟಂಗೆ, ಅದಕ್ಕೆ ನಾವು ಮಾಡೋ ಮೊದಲ ಕೆಲಸ ಊದಿನಕಡ್ಡಿ ಹಚ್ಚೋದು. ಹತ್ತು ನಿಮಿಷಕ್ಕೆ ವಾಸನೆ ಹೋಯ್ತು ಅನ್ಸುತ್ತೆ. ಹೋಗಿರಲ್ಲ, ನಮ್ಮ ಮೂಗಿಗೆ ಒಗ್ಗಿ ಹೋಗಿರುತ್ತೆ. ನಾನು ಮಂಡ್ಯದಲ್ಲಿ ಒಂದು, ಮೈಸೂರಲ್ಲಿ ಎರಡು ಬಾಡಿಗೆ ಮನೇಲಿ ಇದ್ದೀನಿ, ಮೂರರಲ್ಲೂ ಈ ವಾಸನೆ ಬಂತು, ಮೂರಕ್ಕೂ ಕಾರಣ ಬೇರೆ. ಒಂದ್ಕಡೆ ನೆಲದಿಂದ ಏರಿದ ನೀರು, ಇನ್ನೊಂದ್ಕಡೆ ಮೇಲ್ಗಡೆ ಮನೆ ಬಚ್ಚಲು, ಮೂರನೇದ್ರಲ್ಲಿ ನಾವೇ ರೂಮೊಳಗೆ ಒಣಗಾಕ್ತಿದ್ದ ಬಟ್ಟೆ. ಮೊದಲನೇ ಮನೇಲಿ ಕಾರಣ ಗೊತ್ತಾಗೋಕೆ ಮುಂಚೆನೇ ಎರಡು ಸಲ ಪೇಂಟ್ ಹೊಡೆಸಿ ದುಡ್ಡು ಕಳ್ಕೊಂಡೆ, ಅತ್ತೆ ಉಬ್ಬಸ ಮಾತ್ರ ಒಂಚೂರೂ ಕಮ್ಮಿ ಆಗ್ಲಿಲ್ಲ. ಆ ತರ ನಿಮಗೆ ಆಗ್ಬಾರ್ದು ಅಂತಾನೇ ಇದನ್ನ ಬರೀತಿರೋದು.

ಎರಡು ಪ್ರಶ್ನೆ ಇಟ್ಕೊಂಡು ಶುರು ಮಾಡಿ: ವಾಸನೆ ಯಾವಾಗ ಜಾಸ್ತಿ, ಗೋಡೆ ಮೇಲೆ ಕಲೆ ಎಷ್ಟು ಎತ್ತರದಲ್ಲಿದೆ. ಮುಕ್ಕಾಲು ಪಾಲು ಉತ್ತರ ಇಷ್ಟರಲ್ಲೇ ಸಿಗುತ್ತೆ.

ಯಾವಾಗ ಅನ್ನೋದು ನಮ್ಮ ಕಡೆ ತುಂಬಾ ಮುಖ್ಯ. ಯಾಕಂದ್ರೆ ಮೈಸೂರು ಮಂಡ್ಯದಲ್ಲಿ ಮಡಿಕೇರಿ ತರ ಜೂನ್ ಜುಲೈನಲ್ಲಿ ಧೋ ಅಂತ ಸುರಿಯಲ್ಲ, ಮೋಡ ಮುಚ್ಕೊಂಡು ಸೋನೆ ಹಿಡಿಯುತ್ತೆ, ಜೋರು ಮಳೆ ಬರೋದು ಮೇ ತಿಂಗಳ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್, ದಸರಾ ಹಿಂದೆ ಮುಂದೆ. ಹಂಗಾಗಿ ಜುಲೈ ಆಗಸ್ಟ್ ಸೋನೇಲಿ ಮಾತ್ರ ವಾಸನೆ ಬಂದ್ರೆ ಗಾಳೀಲಿರೋ ತೇವದ ಮೇಲೆ ಅನುಮಾನ ಪಡಿ, ದಸರಾ ಮಳೆ ಬಿದ್ದ ಮಾರನೇ ದಿನ ಬಂದ್ರೆ ತಾರಸಿ ಅಥವಾ ಹೊರಗೋಡೆ, ಜನವರಿ ಫೆಬ್ರವರಿ ಒಣಹವೇಲೂ ಗೋಡೆ ಒದ್ದೆ ಇದ್ರೆ ಪೈಪು ಇಲ್ಲಾ ನೆಲ.

ಮೊದ್ಲು ಇವು ಇದ್ಯಾ ನೋಡಿ, ಇದ್ರೆ ಪರೀಕ್ಷೆ ಗಿರೀಕ್ಷೆ ಬೇಡ

ಒದ್ದೆ ಗೋಡೇಲಿ ಸ್ವಿಚ್ ಬೋರ್ಡ್ ಇದ್ದು, ಸ್ವಿಚ್ ಮುಟ್ಟಿದ್ರೆ ಜುಮ್ ಅನ್ನೋದು ಅಥವಾ ಚಟ್ ಚಟ್ ಅಂತ ಸದ್ದು ಬರೋದು ಇದ್ರೆ ಒಣಗಿದ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕ್ಕೊಂಡು ಮೇನ್ ಆಫ್ ಮಾಡಿ ಎಲೆಕ್ಟ್ರಿಶಿಯನ್‌ನ ಕರೀರಿ. ಮೇನ್ ಹತ್ರಾನೇ ನೀರು ನಿಂತಿದ್ರೆ ಅಲ್ಲಿಗೆ ಹೋಗ್ಬೇಡಿ, 1912ಕ್ಕೆ ಫೋನ್ ಮಾಡಿ.

ಅಡುಗೆಮನೇಲಿ ಕೊಳೆತ ಕೋಸಿನ ತರ ವಾಸನೆ ಬಂದ್ರೆ ಅದು ತೇವ ಅಲ್ಲ, ಗ್ಯಾಸ್ ಇರಬಹುದು. ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಯಾವ ಸ್ವಿಚ್ಚನ್ನೂ ಹಾಕೋದು ಆರ್ಸೋದು ಮಾಡ್ಬೇಡಿ, ಹೊರಗೆ ಬಂದ್ಮೇಲೆ 1906ಕ್ಕೆ ಫೋನ್ ಮಾಡಿ.

ಸೂರಿನ ಗಾರೆ ಹೊಟ್ಟೆ ಬಿಟ್ಟಂಗೆ ಉಬ್ಬಿದ್ರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಣಿಸ್ತಿದ್ರೆ, ಅದರ ಕೆಳಗೆ ಮಕ್ಕಳನ್ನ ಮಲಗಿಸ್ಬೇಡಿ, ಆ ರೂಮು ಖಾಲಿ ಮಾಡಿ ಓನರ್‌ಗೆ ಅವತ್ತೇ ಹೇಳಿ.

ನಾಲ್ಕನೇದು ಗ್ಯಾಸ್ ಗೀಸರ್. ಥಂಡಿ ಅಂತ ಬಚ್ಚಲ ಕಿಟಕಿಗೆ ರಟ್ಟು ಕಟ್ಟಿ, ಒಳಗೇ ಗ್ಯಾಸ್ ಗೀಸರ್ ಉರಿಸ್ಕೊಂಡು ಸ್ನಾನ ಮಾಡೋ ಮನೆಗಳು ಎಷ್ಟೋ ಇವೆ. ಗಾಳಿ ಸಾಲದೇ ಗ್ಯಾಸ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು, ತಲೆಸುತ್ತು, ವಾಕರಿಕೆ ಬರೋ ಹೊತ್ತಿಗೆ ಎದ್ದು ಬಾಗಿಲು ತೆಗೆಯೋ ಶಕ್ತಿನೂ ಹೋಗಿರಬಹುದು. ಜೀವ ಹೋಗುತ್ತೆ ಇದರಲ್ಲಿ. ಗೀಸರ್ ಬಚ್ಚಲ ಹೊರಗೆ ಇರ್ಬೇಕು, ಅಲ್ಲಿ ತನಕ ಬಕೆಟ್ ತುಂಬಿಸ್ಕೊಂಡು, ಗೀಸರ್ ಆರಿಸಿ, ಕಿಟಕಿ ತೆಗೆದಿಟ್ಟೇ ಸ್ನಾನ ಮಾಡಿ. ಹಂಗೇ ಗೋಡೆ ಒಣಗ್ಲಿ, ಬಟ್ಟೆ ಒಣಗ್ಲಿ ಅಂತ ಮುಚ್ಚಿದ ರೂಮಲ್ಲಿ ಕೆಂಡ ಇಡೋದೂ ಅಷ್ಟೇ ಅಪಾಯ, ಬಾಣಂತಿ ಮನೇಲಂತೂ ಇದನ್ನ ದಯವಿಟ್ಟು ಮಾಡ್ಬೇಡಿ.

ಬಾಗಿಲು ತೆಗೆದಾಗ ವಾಸನೆ, ಗೋಡೇಲಿ ಮಾತ್ರ ಏನೂ ಕಾಣ್ತಿಲ್ಲ

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಎಲ್ಲಾ ಕಿಟಕಿ ಮುಚ್ಚಿ ಅರ್ಧ ಗಂಟೆ ಹೊರಗೆ ಓಡಾಡ್ಕೊಂಡು ಬನ್ನಿ, ಒಳಗೆ ಬಂದ ತಕ್ಷಣ ಒಂದೊಂದೇ ರೂಮಿಗೆ ಹೋಗಿ ಮೂಗಿಡಿ, ಎಲ್ಲಿ ಜಾಸ್ತಿ ಅನ್ನೋದನ್ನ ಮೊದಲ ಎರಡು ನಿಮಿಷದಲ್ಲೇ ಹಿಡಿಬೇಕು, ಆಮೇಲೆ ಮೂಗು ಸುಳ್ಳು ಹೇಳುತ್ತೆ. ಪಕ್ಕದ ಮನೆಯವರನ್ನ ಕರೆದು ಕೇಳಿದ್ರೆ ಇನ್ನೂ ಒಳ್ಳೇದು.

ಕಿಟಕಿ ತೆಗೆದು ಒಂದು ಗಂಟೇಲಿ ಹೋಗಿ, ಮುಚ್ಚಿದ್ರೆ ಮತ್ತೆ ಬರೋದಾದ್ರೆ ಸಾಮಾನು ನೋಡಿ. ಬಾಗಿಲ ಹತ್ರದ ಕಾಲೊರಸು, ನೆಲ ಒರೆಸೋ ಮಾಪು, ಹಿಂಡದೇ ಬಿಟ್ಟ ಪಾತ್ರೆ ಬಟ್ಟೆ, ಶೂ ಸ್ಟ್ಯಾಂಡ್, ಹತ್ತಿ ಹಾಸಿಗೆ, ಸಿಂಕ್ ಕೆಳಗಿನ ಕಪಾಟು, ಅಕ್ಕಿ ರಾಗಿ ಮೂಟೆ ನೇರ ನೆಲದ ಮೇಲಿದ್ರೆ ಅದರ ತಳ. ಫ್ರಿಜ್ ಹಿಂದೆ ಕೆಳಗಡೆ ನೀರು ಸೇರೋಕೆ ಒಂದು ತಟ್ಟೆ ಇರುತ್ತೆ, ಎಷ್ಟೋ ಜನ ಅದನ್ನ ನೋಡೇ ಇರಲ್ಲ, ಪ್ಲಗ್ ಕಿತ್ತು ತೊಳೀರಿ. ಮುಂದೆ ಬಾಗಿಲಿರೋ ವಾಷಿಂಗ್ ಮೆಷಿನ್ ಆದ್ರೆ ಬಾಗಿಲ ರಬ್ಬರ್ ಮಡಿಕೆ ಬಿಡಿಸಿ ನೋಡಿ, ಕಪ್ಪಗೆ ಲೋಳೆ ಇರುತ್ತೆ. ಎಸಿ ಹಾಕಿದಾಗ ಮಾತ್ರ ವಾಸನೆ ಬಂದ್ರೆ ಅದರ ಫಿಲ್ಟರ್ರು, ನೀರು ಹೋಗೋ ಪೈಪು ಕಟ್ಕೊಂಡಿದೆ ಅಂತ.

ಇದ್ಯಾವುದೂ ಅಲ್ಲ ಅಂದ್ರೆ ಬಟ್ಟೆ. ನಮ್ಮ ಮೂರನೇ ಮನೆ ಕತೆ ಇದೇ. ಕುವೆಂಪುನಗರದಲ್ಲಿ ಎರಡನೇ ಮಹಡಿ, ಒಳ್ಳೆ ಬಿಸಿಲು, ಆದ್ರೂ ಆಗಸ್ಟ್‌ನಲ್ಲಿ ವಾಸನೆ. ತಾರಸಿ ಮೇಲೆ ಒಣಗಾಕಿದ್ರೆ ಸೋನೆ ನೆನೆಸುತ್ತೆ ಅಂತ ಮಕ್ಕಳ ರೂಮಲ್ಲಿ ಹಗ್ಗ ಕಟ್ಟಿದ್ವಿ. ಒಂದು ಮೆಷಿನ್ ಬಟ್ಟೆ ಒಣಗೋಷ್ಟರಲ್ಲಿ ಹೆಚ್ಚು ಕಮ್ಮಿ ಎರಡು ಲೀಟರ್ ನೀರು ಗಾಳಿಗೆ ಸೇರುತ್ತೆ, ಕಿಟಕಿ ಮುಚ್ಚಿದ್ರೆ ಆ ನೀರು ಎಲ್ಲಿಗೆ ಹೋಗ್ಬೇಕು, ಗೋಡೆಗೆ, ಹಾಸಿಗೆಗೆ. ಫ್ಯಾನ್ ಹಾಕಿದ್ರೆ ತೇವ ರೂಮೊಳಗೇ ಸುತ್ತುತ್ತೆ, ಹೊರಗೆ ಹೋಗಲ್ಲ. ಹಗ್ಗನ ಬಾಲ್ಕನಿಗೆ ಹಾಕಿ, ಎದುರುಬದುರು ಎರಡು ಕಿಟಕಿ ದಿನಾ ಹನ್ನೊಂದರಿಂದ ಮೂರು ಗಂಟೆ ಒಳಗೆ ಮಳೆ ಬಿಟ್ಟಿರೋ ಹೊತ್ತು ನೋಡಿ ತೆಗೆದಿಟ್ವಿ, ವಾರದಲ್ಲಿ ವ್ಯತ್ಯಾಸ ಗೊತ್ತಾಯ್ತು. ಮಳೆ ಸುರೀವಾಗ್ಲೇ ಕಿಟಕಿ ತೆಗೆದಿಡೋದ್ರಿಂದ ಅಷ್ಟೇನೂ ಪ್ರಯೋಜನ ಇಲ್ಲ, ಹೊರಗಿನ ಗಾಳೀಲೂ ತೇವನೇ ಇರುತ್ತೆ.

ಕೆಲವು ನೂರು ರೂಪಾಯಿಗೆ ಗಾಳಿ ತೇವ ತೋರಿಸೋ ಡಿಜಿಟಲ್ ಮೀಟರ್ ಸಿಗುತ್ತೆ, ಹೈಗ್ರೋಮೀಟರ್ ಅಂತಾರೆ. ನನ್ನ ಪ್ರಕಾರ ಬಾಡಿಗೆ ಮನೆಯವರು ಪೇಂಟ್‌ಗಿಂತ ಮೊದಲು ತಗೋಬೇಕಾದ ವಸ್ತು ಇದು. ದಿನಗಟ್ಟಲೆ ಶೇಕಡ 60ರ ಮೇಲೇ ನಿಂತಿದ್ರೆ ಬೂಷ್ಟು ಬೆಳೆಯೋಕೆ ಅನುಕೂಲ. ಒಂದೇ ರೂಮಲ್ಲಿ ಮಾತ್ರ ಜಾಸ್ತಿ ತೋರಿಸ್ತಾ ಇದ್ರೆ ಆ ರೂಮಲ್ಲೇ ನೀರಿನ ಮೂಲ ಇದೆ.

ಬೀರು ಹಿಂದೆ, ಮಂಚದ ತಲೆಬದಿ, ಸೀರೆ ಮಡಿಕೆ ಒಳಗೆ ವಾಸನೆ

ಹೊರಗೋಡೆಗೆ ಅಂಟಿಸಿಟ್ಟ ಬೀರು ಹಿಂದೆ ಗಾಳಿ ಆಡಲ್ಲ, ಗೋಡೆ ತಣ್ಣಗಿರುತ್ತೆ, ರೂಮಿನ ತೇವ ಅಲ್ಲಿ ಹೋಗಿ ಕೂರುತ್ತೆ. ಮೊದ್ಲು ಬೀರುನ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೀರಿ, ಕಾಲಿನ ಕೆಳಗೆ ಮರದ ತುಂಡು ಕೊಡಿ, ಎರಡು ವಾರ ಬಿಟ್ಟು ನೋಡಿ. ಎಷ್ಟೋ ಮನೇಲಿ ಇಷ್ಟಕ್ಕೇ ಮುಗಿಯುತ್ತೆ.

ಮುಗೀಲಿಲ್ಲ ಅಂದ್ರೆ ನೀರು ಗೋಡೆ ಒಳಗಿಂದ ಬರ್ತಿದ್ಯಾ, ರೂಮಿನ ಗಾಳಿಯಿಂದ ಬರ್ತಿದ್ಯಾ ಅಂತ ಗೊತ್ತಾಗ್ಬೇಕು. ಅದಕ್ಕೆ ಅಡುಗೆಮನೇಲಿ ಚಪಾತಿ ಸುತ್ತೋ ಅಲ್ಯೂಮಿನಿಯಂ ಹಾಳೆ ಸಾಕು, ಇಲ್ಲಾ ದಪ್ಪ ಪ್ಲಾಸ್ಟಿಕ್. ಒಂದೂವರೆ ಅಡಿ ಚೌಕ ಕತ್ತರಿಸಿ, ಗೋಡೆ ಮೇಲಿನ ನೀರನ್ನ ಬಟ್ಟೇಲಿ ಒರೆಸಿ, ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಆಡದಂಗೆ ಅಂಟಿಸಿ, ಎರಡು ದಿನ ಬಿಡಿ. ತೆಗೆದಾಗ ಹಾಳೆ ಹಿಂಬದಿ, ಅಂದ್ರೆ ಗೋಡೆ ಕಡೆ, ಹನಿ ಇದ್ರೆ ನೀರು ಗೋಡೆ ಒಳಗಿಂದ ಬರ್ತಿದೆ. ನಮ್ಮ ಕಡೆ ಮುಖದಲ್ಲಿ ಹನಿ ಇದ್ರೆ ರೂಮಿನ ಗಾಳೀದು. ಎರಡೂ ಕಡೆ ಇದ್ರೆ ಎರಡೂ ಇದೆ, ಮೊದ್ಲು ಗೋಡೇದು ನೋಡಿ. ಪೇಂಟ್ ಸಡಿಲ ಆಗಿರೋ ಜಾಗದಲ್ಲಿ ಟೇಪ್ ಕೀಳುವಾಗ ಪೇಂಟ್ ಕೂಡ ಬರುತ್ತೆ, ಹಂಗಾಗಿ ಮುಂಚೆನೇ ಫೋಟೋ ತೆಗೆದಿಟ್ಕೊಳ್ಳಿ. ಈ ಹಾಳೆ ಫೋಟೋ ಓನರ್ ಹತ್ರ ಮಾತಾಡುವಾಗ ನೂರು ಮಾತಿಗಿಂತ ಕೆಲಸಕ್ಕೆ ಬರುತ್ತೆ.

ರೇಷ್ಮೆ ಸೀರೆ ವಿಷಯ ಹೆಣ್ಣುಮಕ್ಕಳಿಗೆ ಹೇಳ್ಬೇಕಾಗಿಲ್ಲ, ಆದ್ರೂ ಹೇಳ್ತೀನಿ, ಪ್ಲಾಸ್ಟಿಕ್ ಕವರಲ್ಲಿ ಇಡ್ಬೇಡಿ, ಹಳೇ ಕಾಟನ್ ಪಂಚೇಲಿ ಸುತ್ತಿಡಿ, ಮಳೆಗಾಲ ಮುಗಿದ್ಮೇಲೆ ನೆರಳಲ್ಲಿ ಗಾಳಿಗೆ ಹಾಕಿ ಮಡಿಕೆ ಬದಲಾಯ್ಸಿ. ತೇವ ಹೀರೋ ಡಬ್ಬಿ ಅಂಗಡೀಲಿ ಸಿಗುತ್ತೆ, ಅದು ಮುಚ್ಚಿದ ಬೀರುಗೆ ಸಾಕಾಗುತ್ತೆ, ಇಡೀ ರೂಮಿಗೆ ಏನೂ ಮಾಡಲ್ಲ. ಸುಣ್ಣದ ಕಲ್ಲು ಇಡೋರು ಹುಷಾರು, ಅದಕ್ಕೆ ನೀರು ಬಿದ್ರೆ ಕೊತಕೊತ ಕುದಿಯುತ್ತೆ, ಕಣ್ಣಿಗೆ ಬಿದ್ರೆ ದೃಷ್ಟಿಗೇ ಕುತ್ತು, ಮಕ್ಕಳಿರೋ ಮನೇಲಿ ಬೇಡವೇ ಬೇಡ. ನುಸಿ ಗುಳಿಗೆನ ಎಳೇ ಕೂಸಿನ ಬಟ್ಟೆ ಜೊತೆ ಇಡ್ಬೇಡಿ, ಕೆಲವು ಕೂಸುಗಳಿಗೆ ಅದರಿಂದ ರಕ್ತದ ಕಣ ಒಡೆದು ಕಾಮಾಲೆ ಬರುತ್ತೆ.

ಬಚ್ಚಲಿಂದ, ಯುಟಿಲಿಟಿಯಿಂದ ಮೋರಿ ವಾಸನೆ

ಮುಗ್ಗಲು ಅಲ್ಲ, ಕೊಳೆತ ಮೊಟ್ಟೆ ತರ ಇದ್ರೆ ಇದು ಬೇರೇನೇ ದಾರಿ. ಬಚ್ಚಲ ಜಾಲರಿ ಕೆಳಗೆ ಒಂದು ಟ್ರ್ಯಾಪ್ ಇರುತ್ತೆ, ಅದರಲ್ಲಿ ಎರಡಿಂಚಿನಷ್ಟು ನೀರು ಯಾವಾಗ್ಲೂ ನಿಂತಿರ್ಬೇಕು, ಆ ನೀರೇ ಮೋರಿ ಗಾಳಿ ಮೇಲೆ ಬರದಂಗೆ ತಡೆಯೋದು. ಬಳಸದ ಬಚ್ಚಲು, ಊರಿಗೆ ಹೋಗಿ ತಿಂಗಳು ಬಿಟ್ಟ ಮನೆ, ಇಲ್ಲೆಲ್ಲಾ ಆ ನೀರು ಆವಿ ಆಗ್ಬಿಡುತ್ತೆ. ಒಂದು ಚೊಂಬು ನೀರು ಹಾಕಿ, ಅಷ್ಟೆ. ಮತ್ತೆ ಬೇಗ ಒಣಗಬಾರ್ದು ಅಂದ್ರೆ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ.

ನೀರು ಹಾಕಿದ್ರೂ ಬಂದ್ರೆ ರಾತ್ರಿ ಜಾಲರಿ ಮೇಲೆ ಪ್ಲಾಸ್ಟಿಕ್ ಹಾಕಿ ಟೇಪ್ ಮಾಡಿ ಮಲಗಿ. ಬೆಳಗ್ಗೆ ವಾಸನೆ ಇಲ್ಲ ಅಂದ್ರೆ ಆ ಟ್ರ್ಯಾಪೇ ಕಳ್ಳ, ಕೂದಲು ಸೋಪು ಕಟ್ಟಿದ್ಯಾ, ಟ್ರ್ಯಾಪ್ ಒಳಗಿನ ಬಟ್ಟಲು ಯಾರಾದ್ರೂ ಕಿತ್ತಾಕಿದ್ದಾರಾ ನೋಡಿ. ಇನ್ನೂ ವಾಸನೆ ಇದ್ರೆ ಸಿಂಕ್ ಪೈಪು ಗೋಡೆಗೆ ಸೇರೋ ಜಾಗ, ವಾಷಿಂಗ್ ಮೆಷಿನ್ ಪೈಪು ಸುಮ್ನೆ ತೂರಿಸಿರೋ ಜಾಗ ನೋಡಿ, ಸುತ್ತ ಸಂದು ಇದ್ದೇ ಇರುತ್ತೆ. ಎಲ್ಲಾ ಬಚ್ಚಲಲ್ಲೂ ಒಟ್ಟಿಗೆ ಗುಳುಗುಳು ಸದ್ದು ಬಂದು ನೀರು ನಿಧಾನ ಇಳೀತಿದ್ರೆ ಹೊರಗಿನ ಚೇಂಬರ್ ಕಟ್ಟಿದೆ, ಅದಕ್ಕೆ ನೀವು ಕೈ ಹಾಕ್ಬೇಡಿ. ಚೇಂಬರ್ ಒಳಗೆ ಯಾರನ್ನೂ ಇಳಿಸ್ಬೇಡಿ, ಕೂಲಿಗೆ ಬಂದವರನ್ನೂ ಇಳಿಸ್ಬೇಡಿ, ಅದು ಮಲ ಹೊರುವ ಪದ್ಧತಿ ನಿಷೇಧಿಸಿರೋ 2013ರ ಕಾನೂನು ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಅದು ಸಾವಿನ ಗುಂಡಿ. ನಗರಪಾಲಿಕೆ ಅಥವಾ ನಗರಸಭೆಗೆ ಹೇಳಿ ಮೆಷಿನ್ ತರಿಸಿ.

ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಗೋಡೆ ಉಪ್ಪು ಬಿಡ್ತಿದೆ

ಇದು ನಮ್ಮ ಮಂಡ್ಯ ಮನೆ. ಊರಂಚಲ್ಲಿ, ಹಿಂದುಗಡೆ ಗದ್ದೆ ಬಯಲು. ನೆಲಮಹಡಿ. ಗೋಡೆ ಕೆಳಗಡೆ ಪೇಂಟ್ ಉಬ್ಬಿ, ಬೆರಳಲ್ಲಿ ಒತ್ತಿದ್ರೆ ಪುಡಿಪುಡಿ ಉದುರೋದು, ಬಿಳಿ ಉಪ್ಪು ಹತ್ತಿ ತರ ಎದ್ದಿರೋದು, ಮೇಲೆ ಒಂದು ಗೆರೆ, ನೀರು ನಿಂತು ಇಳಿದ ಕಟ್ಟೆ ಮೇಲೆ ಇರುತ್ತಲ್ಲ ಹಂಗೆ. ಓನರ್ ಯಜಮಾನರು ಬಂದು ನೋಡಿ, "ಮಳೆಗಾಲ್ದಲ್ಲಿ ಎಲ್ರ ಮನೇಲೂ ಇಂಗೇಯ ಕಣವ್ವ, ಬಿಸ್ಲು ಬಂದ್ರೆ ಸರಿ ಓಯ್ತದೆ" ಅಂದ್ರು. ಕೆಟ್ಟವರೇನಲ್ಲ, ನಿಜವಾಗ್ಲೂ ಹಂಗೇ ಅನ್ಕೊಂಡಿದ್ರು. ನಾನೂ ನಂಬಿ ಪೇಂಟ್ ಹೊಡೆಸಿದೆ. ಆಮೇಲೆ ಕ್ಯಾಲೆಂಡರ್ ಮೇಲೆ ಗುರುತು ಹಾಕ್ತಾ ಬಂದಾಗ ಗೊತ್ತಾಯ್ತು, ಮಳೆ ಇಲ್ಲದಿದ್ರೂ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಕೆಲವು ವಾರಕ್ಕೆ ಗೋಡೆ ಗೆರೆ ಮೇಲೆ ಏರೋದು, ನಾಲೆ ನೀರು ನಿಲ್ಲಿಸಿದ ಮೇಲೆ ಇಳಿಯೋದು. ನೆಲದೊಳಗಿನ ನೀರಿನ ಮಟ್ಟ ಮೇಲೆ ಬಂದು, ದೀಪದ ಬತ್ತಿ ಎಣ್ಣೆ ಹೀರ್ಕೊಂಡಂಗೆ ಇಟ್ಟಿಗೆ ಹೀರ್ಕೊಳ್ತಿತ್ತು. ಪಾಯದ ಮೇಲೆ ನೀರು ತಡೆಯೋ ಪಟ್ಟಿ, ಡಿಪಿಸಿ ಅಂತಾರೆ ಗಾರೆಯವರು, ಅದು ಹಾಕಿಲ್ಲದ ಹಳೇ ಮನೇಲಿ ಹಿಂಗಾಗುತ್ತೆ. ಸಾಮಾನ್ಯವಾಗಿ ಮೂರಡಿ ಆಸುಪಾಸಿಗೆ ನಿಲ್ಲುತ್ತೆ, ಅದಕ್ಕಿಂತ ಮೇಲಿದ್ರೆ ಬೇರೆ ಕಾರಣನೂ ಹುಡುಕಿ.

ನಾಲೆ ಪಕ್ಕ ಇಲ್ಲದಿದ್ರೂ ಈ ತರ ಆಗುತ್ತೆ, ಹಂಗಾಗಿ ಗೋಡೆ ಹೊರಗಡೆ ಹೋಗಿ ನೋಡಿ, ಇದಕ್ಕೆ ಖರ್ಚಿಲ್ಲ. ಗೋಡೆಗೆ ಒತ್ತಿ ಮಣ್ಣು, ಮರಳು ಸುರಿದಿದ್ದಾರಾ. ಪಾತ್ರೆ ತೊಳೆದ ನೀರು ಗೋಡೆ ಬುಡದಲ್ಲೇ ತೆಂಗಿನ ಮರಕ್ಕೆ ಹೋಗ್ತಿದ್ಯಾ. ಹೂಕುಂಡ ಸಾಲಾಗಿ ಗೋಡೆಗೆ ಅಂಟಿಸಿದ್ದಾರಾ. ಮುಂದಿನ ಗೋಡೆ ಮಾತ್ರ ಒದ್ದೆ ಇದ್ರೆ ಸಂಪು ಎಷ್ಟು ಹತ್ರ ಇದೆ, ರಾತ್ರಿ ಮುಚ್ಚಿಟ್ಟ ಸಂಪಿನ ನೀರು ಬೆಳಗ್ಗೆಗೆ ಇಳಿದಿದ್ಯಾ. ಇನ್ನೊಂದು, ರಸ್ತೆಗೆ ಡಾಂಬರ್ ಮೇಲೆ ಡಾಂಬರ್ ಹಾಕಿ ಹಾಕಿ ಹಳೇ ಮನೆಗಳ ಬಾಗಿಲು ರಸ್ತೆಗಿಂತ ತಗ್ಗಿಗೆ ಹೋಗಿದೆ, ಮೈಸೂರಿನ ಅಗ್ರಹಾರದ ಕಡೆ ಹಳೇ ಬೀದೀಲಿ ಓಡಾಡಿದ್ರೆ ಕಾಣುತ್ತೆ, ಮಳೆ ನೀರೆಲ್ಲಾ ಪಾಯಕ್ಕೇ. ಮಣ್ಣು ತೆಗೆಸೋದು, ಕುಂಡ ಸರಿಸೋದು, ನೀರಿಗೆ ಬೇರೆ ದಾರಿ ಮಾಡೋದು, ಇವನ್ನ ಮಾಡಿ ಎರಡು ತಿಂಗಳು ಕಾಯಿರಿ. ಒಂಬತ್ತಿಂಚು ಗೋಡೆ ಒಣಗೋಕೆ ತಿಂಗಳುಗಟ್ಟಲೆ ಬೇಕು, ವಾರದಲ್ಲಿ ಆಗಲ್ಲ.

ಏನು ಮಾಡ್ಬಾರ್ದು ಅನ್ನೋದನ್ನ ಇಲ್ಲಿ ಜೋರಾಗಿ ಹೇಳ್ತೀನಿ. ಒದ್ದೆ ಗೋಡೆ ಮೇಲೆ ಪ್ಲಾಸ್ಟಿಕ್ ಪೇಂಟು, ಟೈಲ್ಸು, ಪಿವಿಸಿ ಶೀಟು, ವಾಲ್‌ಪೇಪರ್ ಅಂಟಿಸ್ಬೇಡಿ. ನೀರು ಹೊರಗೆ ಬರೋಕೆ ದಾರಿ ಇಲ್ಲದೇ ಇನ್ನೂ ಮೇಲಕ್ಕೆ ಏರುತ್ತೆ, ಶೀಟ್ ಹಿಂದೆ ಬೂಷ್ಟು ತುಂಬುತ್ತೆ. ಸುಣ್ಣ ಹೊಡೆದ ಗೋಡೆಗೆ ಉಸಿರಾಟ ಇರುತ್ತೆ, ತಾತ್ಕಾಲಿಕಕ್ಕೆ ಅದೇ ವಾಸಿ. ಪಾಯಕ್ಕೆ ತೂತು ಹಾಕಿ ಕೆಮಿಕಲ್ ತುಂಬೋದು, ಗಾರೆ ಕೆತ್ತಿ ಮತ್ತೆ ಮೆತ್ತೋದು, ಇವೆಲ್ಲಾ ಓನರ್ ಮಾಡಿಸ್ಬೇಕಾದ ಕೆಲಸ.

ಗೋಡೆ ಮಧ್ಯೆ ಒಂದು ಕಡೆ ಮಾತ್ರ ಒದ್ದೆ, ಆ ಕಡೆ ಬಚ್ಚಲಿದೆ

ಮಳೆಗೂ ಇದಕ್ಕೂ ಸಂಬಂಧ ಇರಲ್ಲ, ಬೇಸಿಗೇಲೂ ಇರುತ್ತೆ. ಮೊದಲ ಪರೀಕ್ಷೆ: ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಪ್ಲಾಸ್ಟಿಕ್ ಟ್ಯಾಂಕ್ ಆದ್ರೆ ಒಂದು ಕೋಲು ಇಳಿಸಿ ಗುರುತು ಮಾಡಿ. ಬೆಳಗ್ಗೆ ಯಾರೂ ನೀರು ಮುಟ್ಟೋಕೆ ಮುಂಚೆ ನೋಡಿ. ಇಳಿದಿದ್ರೆ ಒತ್ತಡದಲ್ಲಿರೋ ಪೈಪು ಎಲ್ಲೋ ಸೋರ್ತಿದೆ, ಇಲ್ಲಾ ಫ್ಲಶ್ ಟ್ಯಾಂಕ್ ಒಳಗೇ ಸೋರ್ತಿದೆ. ಫ್ಲಶ್ ಟ್ಯಾಂಕಿಗೆ ಬಟ್ಟೆ ನೀಲಿ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೇ ಬಿಟ್ರೆ ಕಮೋಡಲ್ಲಿ ನೀಲಿ ಬಣ್ಣ ಕಾಣುತ್ತೆ, ಕಂಡ್ರೆ ಒಳಗಿನ ವಾಷರ್ ಹೋಗಿದೆ, ಅದು ಸಣ್ಣ ಕೆಲಸ, ಗೋಡೆಗೂ ಅದಕ್ಕೂ ಸಂಬಂಧ ಇಲ್ಲ.

ಟ್ಯಾಂಕ್ ಇಳಿದಿಲ್ಲ, ಆದ್ರೂ ಗೋಡೆ ಒದ್ದೆ ಅಂದ್ರೆ ಬಳಸಿ ಹೋಗೋ ನೀರು ಸೋರ್ತಿದೆ, ಅಂದ್ರೆ ಬಚ್ಚಲ ಟೈಲ್ಸ್ ಸಂದು ಅಥವಾ ಟ್ರ್ಯಾಪ್ ಸುತ್ತ. ಎರಡು ದಿನ ಆ ಬಚ್ಚಲು ಬಳಸ್ಬೇಡಿ, ಬೇರೆ ಬಚ್ಚಲಿದ್ರೆ. ಕಲೆ ಅಂಚು ಪೆನ್ಸಿಲಲ್ಲಿ ಬರೆದಿಡಿ. ಆಮೇಲೆ ನೆಲಕ್ಕೆ ನೀಲಿ ಕಲೆಸಿದ ನೀರು ಒಂದಿಂಚು ನಿಲ್ಲಿಸಿ ಕೆಲವು ಗಂಟೆ ಬಿಡಿ, ಕಲೆ ಹರಡಿದ್ರೆ, ಕೆಳಗೆ ನೀಲಿ ಕಂಡ್ರೆ ಸಿಕ್ತು. ನಮ್ಮ ಸರಸ್ವತಿಪುರಂ ಮನೇಲಿ ಮೇಲಿನ ಮನೆ ಅಕ್ಕನ್ನ ಕೇಳ್ಕೊಂಡು ಇದೇ ಮಾಡಿದ್ವಿ. ಮೊದ್ಲು ಅವರಿಗೆ ಬೇಜಾರಾಯ್ತು, ನಮ್ಮನೆ ಮೇಲೆ ಹಾಕ್ತಿದ್ದಾರೆ ಅಂತ, ಕೆಳಗೆ ಕರ್ಕೊಂಡು ಬಂದು ಮಗುವಿನ ಮಂಚದ ಮೇಲೆ ನೀಲಿ ಹನಿ ಬೀಳೋದನ್ನ ತೋರಿಸಿದ ಮೇಲೆ ಅವರೇ ಓನರ್‌ಗೆ ಫೋನ್ ಮಾಡಿದ್ರು. ಟೈಲ್ಸ್ ಸಂದಿಗೆ ಗ್ರೌಟ್ ತುಂಬಿಸಿದ್ರೆ ಕೆಲವು ಸಲ ನಿಲ್ಲುತ್ತೆ, ಖರ್ಚು ಕಮ್ಮಿ, ಅದನ್ನೇ ಮೊದಲು ಮಾಡಿಸಿ. ನಿಲ್ಲದಿದ್ರೆ ನೆಲ ಕಿತ್ತು ವಾಟರ್‌ಪ್ರೂಫಿಂಗ್. ಪೈಪು ಎಲ್ಲಿದೆ ಅಂತ ಗೊತ್ತಿಲ್ಲದೇ ನೀವೇ ಗೋಡೆಗೆ ಉಳಿ ಹಾಕ್ಬೇಡಿ, ಒಳಗೆ ವೈರ್ ಕೂಡ ಇರುತ್ತೆ.

ಸೂರಲ್ಲಿ, ಗೋಡೆ ಮೇಲ್ಮೂಲೇಲಿ ಕಂದು ಬಣ್ಣದ ಉಂಗುರ

ಕಂದು ಉಂಗುರ ಒಂದರೊಳಗೊಂದು ಇದ್ರೆ ನೆನೆದು ಒಣಗಿ ನೆನೆದು ಒಣಗಿ ಆಗಿರೋದು, ಅಂದ್ರೆ ಮಳೆ ಲೆಕ್ಕ. ತಾರಸಿಗೆ ಹೋಗಿ. ಹೊಂಗೆ ಎಲೆ, ಗುಲ್‌ಮೊಹರ್ ಹೂವು ನೀರು ಹೋಗೋ ಕೊಳವೆ ಬಾಯಿಗೆ ಕಟ್ಟಿರುತ್ತೆ, ಎರಡು ನಿಮಿಷದ ಕೆಲಸ, ಮೇ ಮಳೆಗೆ ಮುಂಚೆ ಒಂದ್ಸಲ, ದಸರಾಗೆ ಮುಂಚೆ ಒಂದ್ಸಲ ತೆಗೆದ್ರೆ ಸಾಕು. ಆಮೇಲೆ ಟ್ಯಾಂಕ್ ತುಂಬಿ ಹರಿದ ಜಾಗ, ಮೋಟು ಗೋಡೆ ತಾರಸಿಗೆ ಸೇರೋ ಮೂಲೆ ಬಿರುಕು, ಸಂದೀಲಿ ಬೆಳೆದ ಅರಳಿ ಗಿಡ. ಅರಳಿ ಗಿಡನ ಸುಮ್ನೆ ಕಿತ್ರೆ ಬೇರು ಒಳಗೇ ಇದ್ದು ಮತ್ತೆ ಬರುತ್ತೆ, ಗಾರೆಯವರಿಗೆ ಹೇಳಿ. ಹೆಂಚಿನ ಮನೆ ಆದ್ರೆ ಮಧ್ಯಾಹ್ನ ಒಳಗಿಂದ ಮೇಲೆ ನೋಡಿ, ಬೆಳಕು ಸೂಜಿ ತರ ಕಂಡ ಕಡೆ ಹೆಂಚು ಒಡೆದಿದೆ ಇಲ್ಲಾ ಸರಿದಿದೆ. ನೀವು ಹತ್ಬೇಡಿ, ಪಾಚಿ ಹಿಡಿದ ಹೆಂಚು ಜಾರುತ್ತೆ, ಹಳೇ ರೀಪು ಮುರಿಯುತ್ತೆ.

ತಾರಸಿ ಮೇಲೆ ನೀರು ನಿಲ್ಲಿಸಿ ನೋಡೋ ಪರೀಕ್ಷೆ ಓನರ್ ಒಪ್ಪಿಗೆ ಇಲ್ಲದೇ ಮಾಡ್ಬೇಡಿ, ಮರದ ತೊಲೆ ಇರೋ ಹಳೇ ಮದ್ರಾಸ್ ತಾರಸಿ ಮೇಲಂತೂ ಯಾರೂ ಮಾಡ್ಬಾರ್ದು, ನೀರಿನ ಭಾರ ಜಾಸ್ತಿ.

ಕಪ್ಪು ಚುಕ್ಕೆ, ಹಸಿರು ಬೂಷ್ಟು ಕಾಣಿಸ್ತಿದೆ

ಒದ್ದೆ ಆಗಿ ಒಂದೆರಡು ದಿನದಲ್ಲೇ ಬೂಷ್ಟು ಶುರು ಆಗುತ್ತೆ, ಹಂಗಾಗಿ ನೀರು ನಿಲ್ಲಿಸದೇ ಉಜ್ಜಿದ್ರೆ ಮುಂದಿನ ವಾರ ಮತ್ತೆ ಅಲ್ಲೇ. ಮೂರಡಿಗೆ ಮೂರಡಿ ಒಳಗಿದ್ರೆ ನೀವೇ ಮಾಡ್ಬಹುದು: ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಕಿಟಕಿ ತೆಗೆದು, ರೂಮಿನ ಬಾಗಿಲು ಮುಚ್ಚಿ, ಫ್ಯಾನ್ ಆಫ್. ಒಣ ಬೂಷ್ಟನ್ನ ಪೊರಕೇಲಿ ಗುಡಿಸ್ಬೇಡಿ, ಬ್ರಷಲ್ಲಿ ಕೆರೀಬೇಡಿ, ಪುಡಿ ಇಡೀ ಮನೆಗೆ ಹಾರುತ್ತೆ. ಸೋಪಿನ ಪುಡಿ ಕಲೆಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಆ ಬಟ್ಟೆ ಬಿಸಾಕಿ, ಗೋಡೆ ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪುಡಿ ಟೈಲ್ಸ್ ಮೇಲೆ ಕೆಲಸ ಮಾಡುತ್ತೆ, ಗಾರೆ ಗೋಡೇಲಿ ಒಳಗಿನ ಬೇರಿಗೆ ತಲುಪಲ್ಲ, ಹಾಗಾಗಿ ಗೋಡೆಗೆ ಅದರ ಅಗತ್ಯ ಕಾಣಲ್ಲ ನನಗೆ. ಹಾಕಲೇಬೇಕು ಅಂದ್ರೂ ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಯಾವತ್ತೂ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಪುಪ್ಪುಸ ಸುಡುತ್ತೆ.

ಬೂಷ್ಟು ಅದಕ್ಕಿಂತ ಜಾಸ್ತಿ ಇದ್ರೆ, ಮೋರಿ ನೀರಿಂದ ಆಗಿದ್ರೆ, ಮನೇಲಿ ಉಬ್ಬಸದವರು, ಕ್ಯಾನ್ಸರ್‌ಗೆ ಔಷಧಿ ತಗೋತಿರೋರು, ಎಳೇ ಕೂಸು ಇದ್ರೆ ನೀವು ಮಾಡ್ಬೇಡಿ, ಅವರು ಬೇರೆ ಮನೇಲಿ ಇದ್ದಾಗ ಕೆಲಸದವರಿಂದ ಮಾಡಿಸಿ.

ಮನೇಲಿ ಇದ್ರೆ ಕೆಮ್ಮು, ಊರಿಗೆ ಹೋದ್ರೆ ಇಲ್ಲ

ಈ ಲಕ್ಷಣನ ಮಾತ್ರ ಅಸಡ್ಡೆ ಮಾಡ್ಬೇಡಿ. ಅತ್ತೆ ಪಾಂಡವಪುರದ ಮಗಳ ಮನೆಗೆ ಹೋದ್ರೆ ಮೂರು ದಿನಕ್ಕೆ ಉಬ್ಬಸದ ಪಂಪು, ಇನ್‌ಹೇಲರ್, ಕಮ್ಮಿ ಬಳಸೋರು, ನಮ್ಮನೆಗೆ ಬಂದ ರಾತ್ರಿನೇ ಎದೆ ಕುಯ್ ಅನ್ನೋದು. ನಾವು ಧೂಳು ಅನ್ಕೊಂಡಿದ್ವಿ. ತೇವ, ಬೂಷ್ಟು ಇರೋ ಮನೇಲಿ ಉಬ್ಬಸ ಕೆಮ್ಮು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಬರೆದಿದೆ. ಅದರ ಮೇಲೆ ನಾವು ವಾಸನೆ ಮುಚ್ಚೋಕೆ ಊದಿನಕಡ್ಡಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಹಚ್ಚಿ ಕಿಟಕಿ ಬೇರೆ ಹಾಕ್ತಿದ್ವಿ, ಆ ಹೊಗೆ ಕಣ ಎಲ್ಲಾ ಅವರ ಎದೆಗೇ. ಪೂಜೆಗೆ ಒಂದು ಕಡ್ಡಿ ಹಚ್ಚೋದು ಬೇಡ ಅನ್ನಲ್ಲ, ಕಿಟಕಿ ತೆಗೆದು ಹಚ್ಚಿ, ಸೊಳ್ಳೆಗೆ ಪರದೆ ಕಟ್ಟಿ.

ಎರಡು ವಾರ ಬಿಡದ ಕೆಮ್ಮು, ಜ್ವರ, ತೂಕ ಇಳಿಯೋದು, ಕಫದಲ್ಲಿ ರಕ್ತ ಇದ್ರೆ ಮನೆ ಮೇಲೆ ಹಾಕಿ ಕೂರ್ಬೇಡಿ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎಲ್ಲಾದ್ರೂ ಸರಿ, ತೋರಿಸಿ. ಮಾತಾಡೋಕೂ ಉಸಿರು ಸಾಲದಿದ್ರೆ, ತುಟಿ ನೀಲಿಯಾದ್ರೆ 108.

ಓನರ್ ಹತ್ರ ಹೇಳೋದು

ಸಿಟ್ಟಲ್ಲಿ ಫೋನ್ ಮಾಡಿದ್ರೆ ಜಗಳ ಆಗುತ್ತೆ, ಗೋಡೆ ಹಂಗೇ ಇರುತ್ತೆ. ಹಾಳೆ ಪರೀಕ್ಷೆ ಫೋಟೋ, ಪೆನ್ಸಿಲ್ ಗುರುತು, ತಾರೀಕು, ಇವನ್ನ ವಾಟ್ಸಾಪಲ್ಲಿ ಕಳಿಸಿ, "ಯಜಮಾನ್ರೇ, ಪೈಪ್ ಸೋರ್ತಿದೆ, ಬಿಟ್ರೆ ನಿಮ್ಮ ಕಟ್ಟಡದ ಕಬ್ಬಿಣ ತುಕ್ಕು ಹಿಡಿಯುತ್ತೆ, ಒಂದ್ಸಲ ಪ್ಲಂಬರ್ ಕರ್ಕೊಂಡು ಬನ್ನಿ" ಅಂತ ಬರೀರಿ. ಅವರ ಮನೆ ಹಾಳಾಗ್ತಿದೆ ಅನ್ನೋದು ಅವರಿಗೂ ನೋವಿನ ವಿಷಯನೇ. ವಾಷರ್, ಟ್ರ್ಯಾಪ್ ತೊಳೆಯೋದು, ಸಣ್ಣಪುಟ್ಟದ್ದು ನಾವೇ ಮಾಡ್ಕೊಂಡ್ರೆ ದೊಡ್ಡದಕ್ಕೆ ಕೇಳೋ ಮುಖ ಇರುತ್ತೆ. ಬಾಡಿಗೆ ಕರಾರಲ್ಲಿ ರಿಪೇರಿ ಬಗ್ಗೆ ಏನು ಬರೆದಿದೆ ಮೊದ್ಲು ಓದಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ 108ನೇ ಸೆಕ್ಷನ್‌ನಲ್ಲಿ, ಓನರ್ ಮಾಡಿಸಲೇಬೇಕಾದ ರಿಪೇರಿನ ನೋಟಿಸ್ ಕೊಟ್ಟು ಸಾಕಷ್ಟು ಕಾದ್ರೂ ಮಾಡಿಸದಿದ್ರೆ ಬಾಡಿಗೆದಾರರು ಮಾಡಿಸಿ ಬಾಡಿಗೇಲಿ ಮುರ್ಕೋಬಹುದು ಅಂತ ಇದೆ, ಆದ್ರೆ ಕರಾರಲ್ಲಿ ಬೇರೆ ತರ ಬರೆದಿದ್ರೆ ಕರಾರೇ ನಡೆಯುತ್ತೆ, ಹಂಗಾಗಿ ಸುಮ್ನೆ ಬಾಡಿಗೆ ಹಿಡಿಯೋಕೆ ಹೋಗ್ಬೇಡಿ. ಅಡ್ವಾನ್ಸ್ ಸಿಕ್ಕಾಕ್ಕೊಂಡು ಮಾತು ಮುರಿದು ಬಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಸಹಾಯವಾಣಿ 15100.

ರಿಪೇರಿ ಆದ ತಕ್ಷಣ ಪೇಂಟಿನವರನ್ನ ಕಳಿಸ್ತೀನಿ ಅಂತಾರೆ, ಬೇಡ ಅನ್ನಿ. ಒಂದು ತಿಂಗಳು ಬಿಟ್ಟು ಅದೇ ಜಾಗಕ್ಕೆ ಮತ್ತೆ ಹಾಳೆ ಅಂಟಿಸಿ ಎರಡು ದಿನ ನೋಡಿ. ಗೋಡೆ ಕಡೆ ಹನಿ ಇದ್ರೆ ಇನ್ನೊಂದು ತಿಂಗಳು ಬಿಟ್ಟು ಮತ್ತೆ ಅಂಟಿಸಿ. ಒಣಗಿ ಬಂದ ದಿನ ಪೇಂಟಿನವರಿಗೆ ಫೋನ್ ಮಾಡಿ.